ಪಾಠದ ಸ್ಲೈಡಿಗೆ ನೆಟ್‌ನ ಚಿತ್ರ: ಯಾವುದನ್ನು, ಎಲ್ಲಿಯವರೆಗೆ ಬಳಸಬಹುದು?

ಎಸ್ಸೆಸ್ಸೆಲ್ಸಿಯ ‘ಜೀವಕ್ರಿಯೆಗಳು’ ಪಾಠಕ್ಕೆ ಹೃದಯದ ಚಿತ್ರ ಬೇಕು. ಗೂಗಲ್‌ನಲ್ಲಿ ಹುಡುಕಿ, ಚೆನ್ನಾಗಿ ಕಂಡದ್ದನ್ನು ಸೇವ್ ಮಾಡಿ ಪಿಪಿಟಿಗೆ ಅಂಟಿಸುವುದು ಎರಡು ನಿಮಿಷದ ಕೆಲಸ. ಮರುದಿನ ಆ ಪಿಪಿಟಿ ಪಿಡಿಎಫ್ ಆಗಿ ಶಿಕ್ಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತದೆ. ಯಾರೋ ಅದಕ್ಕೆ ದನಿ ಸೇರಿಸಿ ಯೂಟ್ಯೂಬ್‌ಗೆ ಹಾಕುತ್ತಾರೆ. ಪರೀಕ್ಷೆ ಹತ್ತಿರವಾದಾಗ ಅದೇ ಹೃದಯ ಕಪ್ಪು-ಬಿಳುಪಾಗಿ ಒಂದು ಗೈಡಿನಲ್ಲೂ ಕಾಣಿಸಿಕೊಳ್ಳುತ್ತದೆ. ಚಿತ್ರ ಒಂದೇ, ಕಾನೂನಿನ ಲೆಕ್ಕದಲ್ಲಿ ಮಾತ್ರ ಇವು ನಾಲ್ಕು ಬೇರೆ ಬೇರೆ ಕೆಲಸ. ‘ಶಿಕ್ಷಣಕ್ಕೆ ತಾನೇ, ಏನೂ ಆಗಲ್ಲ ಬಿಡಿ’ ಎಂಬ ಮಾತು ಮೊದಲನೆಯದಕ್ಕೆ ಬಹುಮಟ್ಟಿಗೆ ಸರಿ, ಕೊನೆಯದಕ್ಕೆ ಪೂರ್ತಿ ತಪ್ಪು. ಜಗಳ ಹುಟ್ಟುವುದು ನಡುವಿನ ಎರಡರಲ್ಲಿ.

ಹೆಜ್ಜೆ 1: ಚಿತ್ರ ಎಲ್ಲಿಗೆ ಹೋಗುತ್ತದೆಂದು ಮೊದಲೇ ತೀರ್ಮಾನಿಸಿ

ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಅದರ 52ನೇ ಸೆಕ್ಷನ್ನಿನಲ್ಲಿ ಯಾವ ಯಾವ ಬಳಕೆ ಉಲ್ಲಂಘನೆ ಅಲ್ಲ ಎಂಬ ಉದ್ದನೆಯ ಪಟ್ಟಿ ಇದೆ. ಮೇಷ್ಟ್ರುಗಳು ನೆನಪಿಟ್ಟುಕೊಳ್ಳಬೇಕಾದದ್ದು 52(1)(ಐ). ಬೋಧನೆಯ ಭಾಗವಾಗಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಯಾವುದೇ ಕೃತಿಯ ಪ್ರತಿ ಮಾಡಬಹುದು. ಪ್ರಶ್ನೆಪತ್ರಿಕೆಗೂ ಉತ್ತರಪತ್ರಿಕೆಗೂ ಬಳಸಬಹುದು. ಅಂದರೆ ಸ್ಮಾರ್ಟ್ ಬೋರ್ಡಿನಲ್ಲಿ ತೋರಿಸುವ ಚಿತ್ರಕ್ಕೆ, ಯೂನಿಟ್ ಟೆಸ್ಟಿನಲ್ಲಿ ‘ಭಾಗಗಳನ್ನು ಗುರುತಿಸಿ’ ಎಂದು ಕೊಡುವ ಚಿತ್ರಕ್ಕೆ ಯಾರ ಅಪ್ಪಣೆಯೂ ಬೇಡ.

‘ಬೋಧನೆಯ ಭಾಗ’ ಎಂದರೆ ಎಷ್ಟು ದೂರ? 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಮೇಲೂ ಅದರ ಆವರಣದ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿಯ ಮೇಲೂ ದಾವೆ ಹೂಡಿದರು. ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಸೇರಿಸಿ ವಿದ್ಯಾರ್ಥಿಗಳಿಗೆ ಕಟ್ಟುಗಳಾಗಿ ಮಾರುತ್ತಿದ್ದರು ಎಂಬುದು ದೂರು. 2016ರಲ್ಲಿ ದೆಹಲಿ ಹೈಕೋರ್ಟ್, ಬೋಧನೆ ಎಂದರೆ ತರಗತಿಯ ನಾಲ್ಕು ಗೋಡೆಯೊಳಗೆ ಮೇಷ್ಟ್ರು ಮಾತನಾಡುವ ಹೊತ್ತಷ್ಟೇ ಅಲ್ಲ, ಪಾಠಕ್ಕೆ ಬೇಕಾದ ಓದುವ ಸಾಮಗ್ರಿಯೂ ಅದರಲ್ಲಿ ಸೇರುತ್ತದೆ ಎಂದು ಎತ್ತಿಹಿಡಿಯಿತು. ಆ ಮೊಕದ್ದಮೆ ಪುಸ್ತಕದ ಪುಟಗಳದ್ದು, ನಿಜ. ಆದರೆ ನಿಮ್ಮ ಶಾಲೆಯ ಮಕ್ಕಳಿಗೆ ಹಂಚುವ ನೋಟ್ಸಿನಲ್ಲಿ ಪಾಠಕ್ಕೆ ಬೇಕಾದ ಚಿತ್ರವಿದ್ದರೆ ಅಂಜಬೇಕಿಲ್ಲ ಎನ್ನಲು ನನಗೆ ಅಷ್ಟು ಸಾಕು.

ಊರಿಗೆಲ್ಲ ತೆರೆದ ಯೂಟ್ಯೂಬ್ ಚಾನೆಲ್‌ಗೆ ಈ ರಕ್ಷಣೆ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು, ಜಾಹೀರಾತಿನ ಹಣ ಬರುತ್ತಿದ್ದರಂತೂ ಇನ್ನೂ ಕಷ್ಟ. ಕನ್ನಡದ ಎಷ್ಟೋ ಶೈಕ್ಷಣಿಕ ವಿಡಿಯೊಗಳ ಕೆಳಗೆ ‘ಸೆಕ್ಷನ್ 107ರ ಪ್ರಕಾರ ಫೇರ್ ಯೂಸ್’ ಎಂಬ ಇಂಗ್ಲಿಷ್ ಪ್ಯಾರಾ ಇರುತ್ತದೆ. ಅದು ಅಮೆರಿಕದ ಕಾಯ್ದೆಯ ಸೆಕ್ಷನ್. ಬಳಕೆಯ ಉದ್ದೇಶ, ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮೂಲ ಕೃತಿಯ ಮಾರುಕಟ್ಟೆಗೆ ಬೀಳುವ ಪೆಟ್ಟು, ಈ ನಾಲ್ಕನ್ನು ತೂಗಿ ಅಲ್ಲಿನ ಕೋರ್ಟು ಒಂದೊಂದೇ ಪ್ರಕರಣದಲ್ಲಿ ತೀರ್ಮಾನಿಸುತ್ತದೆ. ಆ ಪ್ಯಾರಾ ಅಂಟಿಸಿದ ಮಾತ್ರಕ್ಕೆ ಅಲ್ಲೂ ರಕ್ಷಣೆ ಇಲ್ಲ. ಯೂಟ್ಯೂಬ್ ಅಮೆರಿಕದ ಕಂಪನಿಯಾದ್ದರಿಂದ ದೂರು ಬಂದರೆ ವಿಡಿಯೊ ಇಳಿಯುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ (ಉಲ್ಲಂಘನೆಯ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗಬಹುದು.

ಗೈಡ್ ಅಚ್ಚು ಹಾಕುವವರಿಗೆ ಹೇಳುವುದು ಹೆಚ್ಚಿಲ್ಲ. ವ್ಯಾಪಾರಕ್ಕಾಗಿ ಉಲ್ಲಂಘಿಸಿದರೆ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಪಿಪಿಟಿ ತರಗತಿ ದಾಟುವ ಸಾಧ್ಯತೆ ಇದೆಯೇ? ಹಾಗಿದ್ದರೆ ಮುಂದಿನ ಹೆಜ್ಜೆಗಳು ನಿಮಗೆ.

ಹೆಜ್ಜೆ 2: ಚಿತ್ರದ ಮೂಲ ಹುಡುಕಿ

ನಮ್ಮ ಪತ್ರಿಕೆ, ಪುಸ್ತಕಗಳಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕುವ ಚಾಳಿ ಇದೆ. ಕಾದಂಬರಿಯ ಸಾಲು ಎತ್ತಿ ‘ಕೃಪೆ: ಗ್ರಂಥಾಲಯ’ ಎಂದು ಬರೆದ ಹಾಗೆ ಅದು. ಗೂಗಲ್ ಚಿತ್ರ ಮಾಡುವುದಿಲ್ಲ, ತೋರಿಸುತ್ತದೆ ಅಷ್ಟೇ. ಚಿತ್ರವನ್ನು ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಕೊಟ್ಟರೆ ಅದು ಕಾಣಿಸಿಕೊಂಡ ಬೇರೆ ತಾಣಗಳು ಸಿಗುತ್ತವೆ. ಹಳೆಯದಕ್ಕೆ, ದೊಡ್ಡ ಗಾತ್ರದ್ದಕ್ಕೆ ಹೋಗಿ. ಮೂಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಹೊಸದಾಗಿ ಹುಡುಕುವುದಾದರೆ ಗೂಗಲ್ ಇಮೇಜಸ್‌ನ ‘ಟೂಲ್ಸ್’ ಒಳಗೆ ‘ಯೂಸೇಜ್ ರೈಟ್ಸ್’ ಒತ್ತಿ, ಕ್ರಿಯೇಟಿವ್ ಕಾಮನ್ಸ್ (ಮಾಡಿದವರೇ ಕೆಲವು ಷರತ್ತಿನ ಮೇಲೆ ಎಲ್ಲರ ಬಳಕೆಗೆ ಬಿಟ್ಟುಕೊಡುವ ಲೈಸೆನ್ಸು) ಆರಿಸಿ. ಅಲ್ಲಿ ಸಿಕ್ಕದ್ದನ್ನೂ ಮೂಲ ಪುಟಕ್ಕೆ ಹೋಗಿ ಒಮ್ಮೆ ನೋಡಿಯೇ ಬಳಸಿ.

ಚಿತ್ರದ ಮೇಲೆ ವೃತ್ತದೊಳಗಿನ ‘ಸಿ’ ಗುರುತು ಇಲ್ಲ, ಹಾಗಾಗಿ ಹಕ್ಕೂ ಇಲ್ಲ ಎಂದುಕೊಳ್ಳಬೇಡಿ. ಹಕ್ಕು ಕೃತಿ ಹುಟ್ಟಿದ ಕ್ಷಣದಿಂದಲೇ ಇರುತ್ತದೆ, ನೋಂದಣಿಯೂ ಬೇಕಿಲ್ಲ.

ಹೆಜ್ಜೆ 3: ಲೈಸೆನ್ಸಿನ ಎರಡಕ್ಷರ ಓದಿ

ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳು 2002ರಿಂದ ಇವೆ. ‘ಸಿಸಿ ಬೈ’ ಎಂದಿದ್ದರೆ ಹೆಸರು ಹಾಕಿ ಏನು ಬೇಕಾದರೂ ಮಾಡಿ. ‘ಸಿಸಿ ಜೀರೊ’ ಎಂದಿದ್ದರೆ ಹೆಸರೂ ಕಡ್ಡಾಯವಲ್ಲ. ‘ಎನ್‌ಸಿ’ ಸೇರಿದ್ದರೆ ವಾಣಿಜ್ಯಕ್ಕೆ ಬೇಡ. ಉಚಿತ ನೋಟ್ಸಿಗೆ ಆದೀತು, ಮಾರುವ ಗೈಡಿಗೆ ಆಗದು.

ಕನ್ನಡ ಮಾಧ್ಯಮದವರು ಎಡವುವುದು ‘ಎನ್‌ಡಿ’ಯಲ್ಲಿ. ಚಿತ್ರವನ್ನು ಬದಲಿಸಿ ಹಂಚಬಾರದು ಎಂದು ಅದರ ಅರ್ಥ. ಇಂಗ್ಲಿಷ್ ಲೇಬಲ್ ಅಳಿಸಿ ‘ಎಡ ಹೃತ್ಕುಕ್ಷಿ’, ‘ಮಹಾಪಧಮನಿ’ ಎಂದು ಬರೆಯುವುದೂ ಬದಲಾವಣೆಯೇ. ಹಾಗಾಗಿ ಎನ್‌ಡಿ ಚಿತ್ರ ಎಷ್ಟೇ ಚೆಂದವಿದ್ದರೂ ಕನ್ನಡದ ಪಾಠಕ್ಕೆ ಅಷ್ಟಾಗಿ ಒದಗುವುದಿಲ್ಲ. ‘ಎಸ್‌ಎ’ ಇದ್ದರೆ ಬದಲಿಸಬಹುದು, ಆದರೆ ನಿಮ್ಮ ಕನ್ನಡದ ಆವೃತ್ತಿಯನ್ನೂ ಅದೇ ಲೈಸೆನ್ಸಿನಲ್ಲಿ ಬಿಟ್ಟುಕೊಡಬೇಕು. ಒಳ್ಳೆಯ ಕರಾರು, ನನ್ನ ಮಟ್ಟಿಗೆ: ನೀವು ಹಾಕಿದ ಕನ್ನಡ ಲೇಬಲ್ ಮುಂದಿನ ತಾಲ್ಲೂಕಿನ ಮೇಷ್ಟ್ರಿಗೂ ಸಿಗುತ್ತದೆ.

ಇಷ್ಟೆಲ್ಲ ತಲೆಬಿಸಿ ಬೇಡವೆಂದರೆ ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹೋಗಿ. ಎನ್‌ಸಿ, ಎನ್‌ಡಿ ಷರತ್ತು ಮಾತ್ರ ಇರುವ ಚಿತ್ರಗಳನ್ನು ಅದು ಒಳಗೇ ಬಿಡುವುದಿಲ್ಲ. ಅಲ್ಲಿ ಎಸ್‌ವಿಜಿ ರೂಪದ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಅಕ್ಷರಗಳು ಅಕ್ಷರಗಳಾಗಿಯೇ ಉಳಿದಿದ್ದರೆ, ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ‘ವೆಂಟ್ರಿಕಲ್’ ಮೇಲೆ ಕ್ಲಿಕ್ ಮಾಡಿ ಕನ್ನಡ ಟೈಪಿಸಿದರೆ ಆಯಿತು.

ಹೆಜ್ಜೆ 4: ಸಿಗುವ ಜಾಗಕ್ಕೆ ಹೋಗಿ

ಖಗೋಳಕ್ಕೆ ಬರವಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ ಕೃತಿಗೆ ಆ ದೇಶದಲ್ಲಿ ಕಾಪಿರೈಟ್ ಇಲ್ಲ. ನಾಸಾ ಚಿತ್ರಗಳು ಸಾಮಾನ್ಯವಾಗಿ ಮುಕ್ತವಾಗಿರುವುದು ಅದಕ್ಕೇ. ಲೋಗೊ ಮಾತ್ರ ಬಳಸಬೇಡಿ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎಯ ‘ವೆಬ್’ ದೂರದರ್ಶಕದ ತಾಣದಲ್ಲಿ ‘ಸಿಸಿ ಬೈ 4.0’ ಅಡಿ ಸಿಗುತ್ತವೆ. ಇಸ್ರೊ ಚಿತ್ರಗಳೂ ಹೀಗೆಯೇ ಎಂದುಕೊಂಡರೆ ಕೆಟ್ಟಿರಿ. ನಮ್ಮಲ್ಲಿ ಸರ್ಕಾರದ ಕೃತಿಗೂ ಪ್ರಕಟವಾದ ಮೇಲೆ 60 ವರ್ಷ ಕಾಪಿರೈಟ್ ಇದೆ. ಚಂದ್ರಯಾನ-3ರ ಫೋಟೊ ತರಗತಿಯಲ್ಲಿ ಧಾರಾಳವಾಗಿ ತೋರಿಸಿ. ಪುಸ್ತಕಕ್ಕೆ ಹಾಕುವ ಮೊದಲು ತಾಣದ ಕಾಪಿರೈಟ್ ನೀತಿ ಓದಿ. ಎನ್‌ಸಿಇಆರ್‌ಟಿ ಪುಸ್ತಕಗಳದ್ದೂ ಇದೇ ಕಥೆ. ಪಿಡಿಎಫ್ ಪುಕ್ಕಟೆ ಇಳಿಸಿಕೊಳ್ಳಬಹುದು, ಅನುಮತಿಯಿಲ್ಲದೆ ಮರುಮುದ್ರಿಸುವಂತಿಲ್ಲ.

ಜೀವವಿಜ್ಞಾನಕ್ಕೆ ಬಂದರೆ, ಕೋವಿಡ್ ಕಾಲದಲ್ಲಿ ಎಲ್ಲೆಲ್ಲೂ ಕಂಡ ಬೂದು ಬಣ್ಣದ, ಕೆಂಪು ಮುಳ್ಳಿನ ವೈರಸ್ ಚೆಂಡು ನೆನಪಿದೆಯಲ್ಲ? 2020ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಕಲಾವಿದರಾದ ಅಲಿಸ್ಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ಮಾಡಿದ್ದು ಅದು. ಸಿಡಿಸಿಯ ಚಿತ್ರ ಗ್ರಂಥಾಲಯದಲ್ಲಿ ಅದಕ್ಕೆ ಹಕ್ಕಿನ ಯಾವ ಕಟ್ಟೂ ಇಲ್ಲ. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಹಾಕಿದ್ದಕ್ಕೆ ಇದೂ ಒಂದು ಕಾರಣ. ಅಂಗಾಂಗ, ಜೀವಕೋಶಗಳ ಬಿಡಿ ಚಿತ್ರಗಳಿಗೆ ಸರ್ವಿಯರ್ ಮೆಡಿಕಲ್ ಆರ್ಟ್ ನೋಡಿ, ಅದು ‘ಸಿಸಿ ಬೈ’. ಹಕ್ಕಿ, ಕೀಟ, ಗಿಡಗಳಿಗೆ ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇವೆ. ಪಶ್ಚಿಮಘಟ್ಟದ ಕಪ್ಪೆ ಬೇಕಾದವರು ಎರಡನೆಯದರಿಂದ ಶುರು ಮಾಡಿ. ಐನ್ಯಾಚುರಲಿಸ್ಟ್‌ನಲ್ಲಿ ಫೋಟೊಗಳು ತಾವಾಗಿಯೇ ‘ಎನ್‌ಸಿ’ ಲೈಸೆನ್ಸಿನಲ್ಲಿ ಸೇರುತ್ತವೆ, ಹಾಗಾಗಿ ಪ್ರತಿ ಫೋಟೊದ ಗುರುತು ನೋಡಬೇಕು.

ಕೈಯಲ್ಲಿ ಬರೆದ ಹಳೆಯ ಚಿತ್ರಗಳನ್ನು ಯಾಕೋ ಎಲ್ಲರೂ ಮರೆಯುತ್ತಾರೆ. ನಮ್ಮಲ್ಲಿ ಹಕ್ಕು ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷ. ಜೆಲ್ಲಿ ಮೀನುಗಳನ್ನು ಅದ್ಭುತವಾಗಿ ಬರೆದ ಅರ್ನ್ಸ್ಟ್ ಹೆಕೆಲ್ ತೀರಿಕೊಂಡದ್ದು 1919ರಲ್ಲಿ. ನರಕೋಶಗಳನ್ನು ಬರೆದ ರಾಮೋನ್ ಇ ಕಹಾಲ್ 1934ರಲ್ಲಿ. ಇಬ್ಬರ ಚಿತ್ರಗಳೂ ಈಗ ಎಲ್ಲರ ಸ್ವತ್ತು. ಸಿ.ವಿ. ರಾಮನ್ ತೀರಿಕೊಂಡದ್ದು 1970ರಲ್ಲಿ, ಅವರ ಬರಹಗಳ ಹಕ್ಕು 2030ರ ಕೊನೆಯವರೆಗೂ ಇದೆ. ರಾಮನ್ ಅವರ ಫೋಟೊ ಮಾತ್ರ ಬೇರೆ ಲೆಕ್ಕ: ಅದರ ಹಕ್ಕು ಸಾಮಾನ್ಯವಾಗಿ ಫೋಟೊದಲ್ಲಿರುವವರದ್ದಲ್ಲ, ತೆಗೆದವರದ್ದು.

ಹೆಜ್ಜೆ 5: ಹೆಸರು ಹಾಕಿ

ಬೇಕಾದದ್ದು ನಾಲ್ಕು: ಚಿತ್ರದ ಹೆಸರು, ಮಾಡಿದವರು, ಸಿಕ್ಕಿದ ಜಾಗ, ಲೈಸೆನ್ಸು. ಬದಲಿಸಿದ್ದರೆ ಅದನ್ನೂ ಹೇಳಿ. 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಮೊದಲ ಕಪ್ಪುಕುಳಿಯ ಚಿತ್ರಕ್ಕೆ ಸ್ಲೈಡಿನಲ್ಲಿ ಹೀಗೆ ಬರೆಯಬಹುದು:

‘ಎಂ87 ಕಪ್ಪುಕುಳಿ. ಚಿತ್ರ: ಇಎಚ್‌ಟಿ ಕೊಲಾಬರೇಶನ್, ಇಎಸ್‌ಒ ತಾಣದಿಂದ, ಸಿಸಿ ಬೈ 4.0. ಕನ್ನಡ ಲೇಬಲ್ ಸೇರಿಸಲಾಗಿದೆ.’

ಕೊಂಡಿಯನ್ನೂ ಕೊಡಿ. ಚಿತ್ರದ ಕೆಳಗೇ ಸಣ್ಣ ಅಕ್ಷರದಲ್ಲಿರಲಿ. ಕೊನೆಯ ಸ್ಲೈಡಿಗೆ ತಳ್ಳಿದರೆ ಯಾರೋ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದಾಗ ಹೆಸರು ಉದುರಿಹೋಗುತ್ತದೆ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ ಎಂಬುದೂ ಗೊತ್ತಿರಲಿ. ಆದರೆ ಅನುಮತಿ ಬೇಡದ ತರಗತಿಯಲ್ಲೂ ಹೆಸರು ಬಿಡಬೇಡಿ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ಬೇರೆಯಾಗಿಯೇ ಕೊಟ್ಟಿದೆ.

ಹೆಜ್ಜೆ 6: ಸಿಗದಿದ್ದರೆ ಬರೆಯಿರಿ, ಇಲ್ಲವೇ ಕೇಳಿ

ಹೃದಯಕ್ಕೆ ನಾಲ್ಕು ಕೋಣೆ ಎಂಬುದು ಯಾರ ಆಸ್ತಿಯೂ ಅಲ್ಲ. ಒಬ್ಬರು ಅದನ್ನು ಬರೆದ ರೀತಿಗೆ ಮಾತ್ರ ಕಾಪಿರೈಟ್. ಬೋರ್ಡಿನ ಮೇಲೆ ನೀವೇ ಬರೆದು ಫೋಟೊ ತೆಗೆದರೆ ಮುಗಿಯಿತು. ಗ್ರಾಫ್‌ಗಳೂ ಹಾಗೆಯೇ: ಅಂಕಿಗಳನ್ನು ತೆಗೆದುಕೊಂಡು ಎಕ್ಸೆಲ್‌ನಲ್ಲಿ ಹೊಸದಾಗಿ ಮಾಡಿ, ಅಂಕಿ ಎಲ್ಲಿಯದೆಂದು ಹೇಳಿ. ಟ್ರೇಸ್ ಮಾಡುವುದು ಬರೆಯುವುದಲ್ಲ. ಎಐಗೆ ಹೇಳಿ ಬರೆಸುವವರು ಲೇಬಲ್ಲುಗಳನ್ನು ಒಂದೊಂದಾಗಿ ಓದಿ ನೋಡಿ. 2024ರಲ್ಲಿ ಒಂದು ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆ, ಎಐ ಬರೆದ ವಿಕಾರ ಇಲಿಯ ಚಿತ್ರ ಅಚ್ಚಾದ ಮೇಲೆ ಆ ಲೇಖನವನ್ನೇ ಹಿಂಪಡೆಯಬೇಕಾಯಿತು.

ಬೇರೆ ದಾರಿಯಿಲ್ಲದಿದ್ದರೆ ಕೇಳಿಬಿಡಿ. ಯಾವ ಚಿತ್ರ, ಯಾವ ಪುಸ್ತಕ ಅಥವಾ ವಿಡಿಯೊ, ಎಷ್ಟು ಪ್ರತಿ, ಮಾರಾಟವೋ ಉಚಿತವೋ, ಕನ್ನಡ ಲೇಬಲ್ ಹಾಕಬಹುದೇ, ಹೆಸರು ಹೇಗೆ ಬರೆಯಬೇಕು: ಐದಾರು ಸಾಲಿನ ಇಮೇಲ್ ಸಾಕು. ಹವ್ಯಾಸಿ ಛಾಯಾಗ್ರಾಹಕರು ಶಾಲೆಗೆಂದರೆ ಒಪ್ಪುವುದೇ ಹೆಚ್ಚು. ಒಪ್ಪಿದ ಇಮೇಲನ್ನು ಚಿತ್ರದ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ. ಉತ್ತರ ಬರಲಿಲ್ಲವೆಂದರೆ ಅದು ಒಪ್ಪಿಗೆಯಲ್ಲ. ಬೇರೆ ಚಿತ್ರ ಹುಡುಕಿ.