ಹಿತ್ತಲಲ್ಲಿ ನಿಂತ ಹೆರಾಲ್ಡ್ ಕಾರನ್ನು ಮನೆಯಲ್ಲೇ ಎಬ್ಬಿಸುವುದು ಹೇಗೆ

ಹುಬ್ಬಳ್ಳಿ-ಧಾರವಾಡದ ಹಳೇ ಓಣಿಗಳಲ್ಲಿ, ಗದಗ-ಹಾವೇರಿ ಕಡೆಯ ವಾಡೆಗಳ ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತ ಹಳೇ ಕಾರುಗಳು ಇನ್ನೂ ಇವೆ. ಅವುಗಳಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಣ್ಣಿಗೆ ಬಿದ್ದರೆ ಬಿಡಬೇಡಿ. 1961ರಿಂದ ಮದ್ರಾಸಿನಲ್ಲಿ ತಯಾರಾದ ಈ ಗಾಡಿ ನೋಡಲು ಸಂಸಾರಸ್ಥರ ಕಾರು, ಕೆಳಗಿನ ಮೈಕಟ್ಟು ಮಾತ್ರ ಸ್ಪೋರ್ಟ್ಸ್ ಕಾರಿನದು. 1962ರಲ್ಲಿ ಬಂದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್ ಚಾಸಿಯನ್ನು ಗಿಡ್ಡ ಮಾಡಿ. ಎರಡಕ್ಕೂ ಆಕಾರ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಇದರಿಂದ ನಮಗೆ ದೊಡ್ಡ ಲಾಭವಿದೆ: ಮುಂದಿನ ಸಸ್ಪೆನ್ಷನ್ನಿನ ಬಹಳಷ್ಟು ಭಾಗಗಳು ಸ್ಪಿಟ್‌ಫೈರ್ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ.

ಕಡಿಮೆ ದುಡ್ಡಿನಲ್ಲಿ ಈ ಕೆಲಸ ಮುಗಿಯುವುದು ಬಿಡುವುದು ದುಡ್ಡು ಯಾವ ಸರತಿಯಲ್ಲಿ ಖರ್ಚಾಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಗಾಡಿ ತಂದ ವಾರವೇ ಬ್ಯಾಟರಿ ಕೂಡಿಸಿ ಚಾವಿ ತಿರುವಿದವರು ಒಳ್ಳೇ ಎಂಜಿನ್ನನ್ನು ಕೈಯಾರೆ ಕೆಡಿಸುತ್ತಾರೆ. ಮೊದಲು ಬಣ್ಣ ಹೊಡೆಸಿದವರು ಎರಡನೇ ಮಳೆಗಾಲಕ್ಕೆ ಮತ್ತೆ ಬಣ್ಣದ ದುಡ್ಡು ಹುಡುಕುತ್ತಾರೆ. ಕಾಗದ, ಚಾಸಿ, ಬ್ರೇಕು ಮತ್ತು ಮುಂದಿನ ಗಾಲಿ, ಎಂಜಿನ್, ವೈರಿಂಗ್, ಬಣ್ಣ. ಈ ಸರತಿ ತಪ್ಪಿಸಬೇಡಿ.

ಕಾಗದ

ಆರ್‌ಸಿಯಲ್ಲಿನ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನ ನಂಬರಿಗೆ ತಾಳೆಯಾಗದಿದ್ದರೆ ಮುಂಗಡ ಕೊಡಬೇಡಿ. ಆರ್‌ಸಿ ಕಳೆದಿದ್ದರೆ ಫಾರ್ಮ್ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕು, ಅದನ್ನು ಮಾರುವವರ ಕೈಯಲ್ಲೇ ಮಾಡಿಸಿಕೊಳ್ಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ: 20,000 ರೂಪಾಯಿಗೆ 10 ವರ್ಷ, ಆಮೇಲೆ 5,000 ರೂಪಾಯಿಗೆ 5 ವರ್ಷ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬ ಷರತ್ತೂ ಇದೆ. ಹೀಗಾಗಿ ‘ಮಾರುತಿ ಎಂಜಿನ್ ಕೂಡಿಸಿಬಿಡಿ, ಸೋವಿ ಆಗ್ತದ’ ಎನ್ನುವ ಸಲಹೆ ಮುಂದೆ ಈ ಬಾಗಿಲನ್ನೇ ಮುಚ್ಚುತ್ತದೆ.

ಗಾಡಿ ಎತ್ತುವುದು, ಚಾಸಿ ನೋಡುವುದು

ಎರೆಮಣ್ಣಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕ್ ಲೈನರು ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದರೆ ಮುಂದಿನ ಗಾಲಿಯೇ ಕಿತ್ತು ಬರಬಹುದು, ಕಾರಣ ಮುಂದೆ ಬರುತ್ತದೆ. ಚಾಸಿಗೆ ಜಾಕ್ ಕೊಟ್ಟು ಎತ್ತಿ, ಹಿಂದೆ ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಅಂಚಿಗೆ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಬಿಡಿಸಿ.

ಕೆಲಸ ಮಾಡುವಾಗ ಗಾಡಿ ಆಕ್ಸಲ್ ಸ್ಟ್ಯಾಂಡಿನ ಮೇಲೇ ಇರಬೇಕು. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಸ್ಟ್ಯಾಂಡಿನ ಕಾಲು ಮಣ್ಣಿನಲ್ಲಿ ಇಳಿಯುತ್ತದೆ, ಫರ್ಸಿಯ ಮೇಲಿಟ್ಟರೆ ಫರ್ಸಿ ಸೀಳುತ್ತದೆ. ಎರಡಿಂಚು ದಪ್ಪದ ಹಲಗೆ ಹಾಕಿ, ಅದರ ಮೇಲೆ ಸ್ಟ್ಯಾಂಡ್ ಇಡಿ.

ಪಾನಾದ ಬಗ್ಗೆ ಒಂದು ಮಾತು. ಈ ಗಾಡಿಯ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. 7/16, 1/2, 9/16 ಪಾನಾಗಳಿದ್ದರೆ ಮುಕ್ಕಾಲು ಗಾಡಿ ಬಿಚ್ಚಬಹುದು. ಅರ್ಧ ಇಂಚು ಅಂದರೆ 12.7 ಮಿ.ಮೀ.; ಅದಕ್ಕೆ 13ರ ಪಾನಾ ಹಾಕಿದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆದುಹೋಗುತ್ತದೆ.

ಹೆರಾಲ್ಡ್‌ನಲ್ಲಿ ಭಾರ ಹೊರುವುದು ಚಾಸಿ. ಬಾಗಿಲ ಕೆಳಗಿನ ಸಿಲ್ ತಗಡು ಬರೀ ಹೊದಿಕೆ, ತೂತಾಗಿದ್ದರೂ ಗಾಬರಿ ಬೇಡ. ಸ್ಪಿಟ್‌ಫೈರ್‌ನಲ್ಲಿ ಅದೇ ಸಿಲ್ ಭಾರ ಹೊರುತ್ತದೆ, ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ಬೆಸೆಯದೆ ಸಿಲ್ ಕತ್ತರಿಸಿದರೆ ಬಾಡಿ ಬಾಗಿ ಬಾಗಿಲು ಮತ್ತೆ ಕೂಡುವುದಿಲ್ಲ. ಎರಡರಲ್ಲೂ ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳನ್ನೂ ಹಿಂದೆ ಡಿಫರೆನ್ಷಿಯಲ್ ಕೂತ ಜಾಗವನ್ನೂ ಸಣ್ಣ ಸುತ್ತಿಗೆಯಿಂದ ಗೇಣಿಗೊಮ್ಮೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಕಣಕಣ ಅನ್ನುತ್ತದೆ, ಕೊಳೆತದ್ದು ಬೊದ್ದು ಸದ್ದು ಮಾಡುತ್ತದೆ. ಬೊದ್ದು ಅಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ, ಒಳಗೆ ಹೋದರೆ ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿ ತೆಗೆಯಿರಿ. ಚಾಸಿಗೆ 1.6ರಿಂದ 2 ಮಿ.ಮೀ. ತಗಡು, ಬಾಡಿಗೆ 0.9ರಿಂದ 1 ಮಿ.ಮೀ. ಸಾಕು. ಬಾಡಿ ತಗಡಿಗೆ ಗ್ಯಾಸ್ ವೆಲ್ಡಿಂಗ್ ಬೇಡ, ಶಾಖಕ್ಕೆ ಅಲೆಅಲೆಯಾಗಿ ಬಾಗುತ್ತದೆ. ಸಿಒ2 ವೆಲ್ಡಿಂಗ್‌ನಲ್ಲಿ ಒಂದಿಂಚು ಹಾಕಿ, ದೂರ ಹೋಗಿ ಇನ್ನೊಂದಿಂಚು, ಆರಿದ ಮೇಲೆ ಮತ್ತೆ ಇಲ್ಲಿ. ವೆಲ್ಡಿಂಗ್ ಮಿಸ್ತ್ರಿ ಬರುವ ಮೊದಲೇ ಪೆಟ್ರೋಲ್ ಟ್ಯಾಂಕ್ ಗಾಡಿಯಿಂದ ಇಳಿದಿರಬೇಕು. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗಿನ ಆವಿಗೆ ಒಂದು ಕಿಡಿ ಸಾಕು.

ತುಕ್ಕಿಗೆ ಕಾಕಂಬಿ

ಬ್ರ್ಯಾಕೆಟ್, ಬೋಲ್ಟು, ಹಿಂಜು, ಡ್ರಮ್ಮಿನಂಥ ಬಿಡಿ ಭಾಗಗಳ ತುಕ್ಕು ತೆಗೆಯಲು ದುಬಾರಿ ಕೆಮಿಕಲ್ ಬೇಕಿಲ್ಲ. ಕಬ್ಬಿನ ಸೀಮೆಗೆ ಹತ್ತಿರ ಇರುವ ನಮಗೆ ದನದ ಮೇವಿಗೆ ಹಾಕುವ ಕಾಕಂಬಿ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ. ಭಾಗಗಳ ಗ್ರೀಸು, ಹಳೇ ಬಣ್ಣ ಮೊದಲೇ ತೆಗೆದಿರಬೇಕು, ಬಣ್ಣದ ಅಡಿಯ ತುಕ್ಕಿಗೆ ಕಾಕಂಬಿ ಮುಟ್ಟುವುದಿಲ್ಲ. ತಂತಿ ಕಟ್ಟಿ ಪೂರ್ತಿ ಮುಳುಗಿಸಿ. ಮೂರನೇ ದಿನ ನೊರೆ ಏಳುತ್ತದೆ, ಹುಳಿ ನಾತ ಬರುತ್ತದೆ. ಮನೆಯಿಂದ ದೂರ ಇಡಿ, ನೊಣ ಬೀಳದಂತೆ ಬಟ್ಟೆ ಕಟ್ಟಿ. ವಾರದಿಂದ ಎರಡು ವಾರಕ್ಕೆ ತುಕ್ಕು ಕರಗಿ ಬೂದು ಬಣ್ಣದ ಶುದ್ಧ ಕಬ್ಬಿಣ ಉಳಿಯುತ್ತದೆ. ಕಾಕಂಬಿ ತುಕ್ಕನ್ನು ಹಿಡಿದು ಬಿಡಿಸುತ್ತದೆ, ಕಬ್ಬಿಣವನ್ನು ಅಷ್ಟಾಗಿ ತಿನ್ನುವುದಿಲ್ಲ, ಹಾಗಾಗಿ ಆ್ಯಸಿಡ್‌ಗಿಂತ ಇದು ಸುರಕ್ಷಿತ. ಆದರೆ ಅಲ್ಯೂಮಿನಿಯಂ, ಸತುವಿನ ಎರಕದ ಭಾಗ ಹಾಕಬೇಡಿ. ಕಾರ್ಬುರೇಟರು ಒಳಗೆ ಹೋದರೆ ಹಾಳಾಗಿಯೇ ಹೊರಗೆ ಬರುತ್ತದೆ. ತೆಗೆದ ಕೂಡಲೇ ನೀರಲ್ಲಿ ತೊಳೆದು, ಬಿಸಿಲಿಗೋ ಹೀಟ್‌ಗನ್ನಿಗೋ ಒಣಗಿಸಿ, ಅದೇ ಗಂಟೆಯಲ್ಲಿ ಎಪಾಕ್ಸಿ ಪ್ರೈಮರ್ ಇಲ್ಲವೆ ಎಣ್ಣೆ ಹಚ್ಚಿ. ಊಟ ಮಾಡಿ ಬಂದು ಹಚ್ಚೋಣ ಅಂದರೆ ಅಷ್ಟರಲ್ಲೇ ಕೆಂಪು ಪೊರೆ ಹತ್ತಿರುತ್ತದೆ.

ಮುಂದಿನ ಗಾಲಿಯ ಟ್ರನಿಯನ್

ಇಡೀ ಗಾಡಿಯಲ್ಲಿ ಜೀವಕ್ಕೆ ಕುತ್ತು ತರುವ ಭಾಗ ಇದೇ, ಹೆಚ್ಚು ಜನ ತಪ್ಪುವುದೂ ಇಲ್ಲೇ. ಮುಂದಿನ ಗಾಲಿಯ ನಿಂತ ಕಂಬದ ಕೆಳತುದಿಗೆ ಮರೆ, ಅಂದರೆ ಸ್ಕ್ರೂವಿನಂಥ ಸುತ್ತುಗಳು, ಇವೆ. ಆ ಮರೆ ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ತಿರುಗಿ ಕೂತಿರುತ್ತದೆ, ಸ್ಟಿಯರಿಂಗ್ ತಿರುವಿದಾಗಲೆಲ್ಲ ಮರೆಯೂ ತಿರುಗುತ್ತದೆ. ಇದಕ್ಕೆ ಹಾಕಬೇಕಾದ್ದು ಗ್ರೀಸಲ್ಲ, ಇಪಿ-90 ಗೇರ್ ಎಣ್ಣೆ. ಗ್ರೀಸ್ ನಿಪ್ಪಲ್ ನೋಡಿದ ಕೂಡಲೇ ಗ್ರೀಸ್ ಗನ್ ಹಚ್ಚುವುದು ಗ್ಯಾರೇಜಿನ ಅಭ್ಯಾಸ. ಗ್ರೀಸ್ ಮರೆಯ ತಳದವರೆಗೆ ಇಳಿಯದೆ ಮೇಲೇ ಗಟ್ಟಿಯಾಗುತ್ತದೆ, ಕೆಳಗೆ ನೀರು ನಿಂತು ಉಕ್ಕಿನ ಮರೆ ತುಕ್ಕಿಗೆ ಸವೆಯುತ್ತದೆ. ಒಂದು ದಿನ ನಿಧಾನಕ್ಕೆ ತಿರುವಿಕೊಳ್ಳುವಾಗ ಕಂಬ ಮುರಿದು ಗಾಲಿ ಮಗುಚಿ ಬೀಳುತ್ತದೆ.

ಆದ್ದರಿಂದ ಎರಡೂ ಬದಿ ಬಿಚ್ಚಿ, ಮರೆಯನ್ನು ಡೀಸೆಲ್‌ನಲ್ಲಿ ತೊಳೆದು, ಬಿಸಿಲಿಗೆ ಹಿಡಿದು ಕೆಳಗಿನ ನಾಲ್ಕೈದು ಸುತ್ತು ನೋಡಿ. ಉಗುರಿಗೆ ಗುಳಿ ಸಿಕ್ಕಿದರೆ, ಮರೆಯ ನೆತ್ತಿ ಚೂಪಾಗಿದ್ದರೆ ಕಂಬ ಬದಲಿಸಿ. ವೆಲ್ಡಿಂಗ್, ಲೇಥ್ ರಿಪೇರಿ ಇಲ್ಲಿ ನಡೆಯುವುದಿಲ್ಲ. ಬಜೆಟ್ಟಿನಲ್ಲಿ ವಿದೇಶದಿಂದ ತರಿಸುವ ಒಂದೇ ಸಾಮಾನಿಗೆ ದುಡ್ಡಿದ್ದರೆ ಅದು ಇದೇ ಇರಲಿ. ಎಡಬದಿಯದು ಬಲಕ್ಕೆ ಆಗುವುದಿಲ್ಲ. ಕೂಡಿಸುವಾಗ ತಳ ಮುಟ್ಟುವ ತನಕ ತಿರುವಿ, ನಂತರ ಸರಿಯಾದ ದಿಕ್ಕಿಗೆ ಬರುವಷ್ಟು ಹಿಂದಕ್ಕೆ ಬಿಚ್ಚಿ, ಒಂದು ಸುತ್ತಿಗಿಂತ ಕಡಿಮೆ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುವಿದಾಗ ಮರೆ ತಳಕ್ಕೆ ತಾಗಬಾರದು. ಹಳೇ ಗ್ರೀಸ್ ಗನ್ನೊಂದನ್ನು ತೊಳೆದು ಇದಕ್ಕೇ ಮೀಸಲಿಟ್ಟು ಎಣ್ಣೆ ತುಂಬಿ. ಮೇಲಿನ ಸೀಲಿನಿಂದ ಎಣ್ಣೆ ಜಿನುಗುವ ತನಕ ಒತ್ತಿ. ಪ್ರತಿ 1,500 ಕಿ.ಮೀ.ಗೆ, ಗಾಡಿ ಓಡದಿದ್ದರೂ ಮಳೆಗಾಲದ ಮೊದಲು ಮತ್ತು ನಂತರ, ಹೀಗೇ ಮಾಡಿ.

ಬ್ರೇಕು

ಬ್ರೇಕಿನ ಎಣ್ಣೆಯ ದಾರಿ ಒಂದೇ. ಎಲ್ಲೇ ಸೋರಿದರೂ ನಾಲ್ಕೂ ಗಾಲಿಯ ಬ್ರೇಕ್ ಹೋಗುತ್ತದೆ. ರಬ್ಬರೆಲ್ಲ ಹೊಸದು ಹಾಕಿ. ಸಿಲಿಂಡರಿನ ಒಳಗೋಡೆ ಗುಳಿ ಬಿದ್ದಿದ್ದರೆ ಬರೀ ಉಜ್ಜಿ ಕಿಟ್ ಹಾಕಿದರೆ ಆರು ತಿಂಗಳಲ್ಲಿ ಸೋರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಒಳ್ಳೇ ಲೇಥ್ ಕೆಲಸದವರಿದ್ದಾರೆ. ಸ್ಟೇನ್‌ಲೆಸ್ ಸ್ಲೀವ್ ಕೂಡಿಸಿ ಮೂಲ ಅಳತೆಗೆ ಬೋರ್ ಮಾಡಿಸಿ. ಫ್ರಿಜ್ ರಿಪೇರಿಯ ತಾಮ್ರದ ಕೊಳವೆಯನ್ನು ಬ್ರೇಕ್ ಪೈಪಾಗಿ ಹಾಕುವ ರೂಢಿ ಇದೆ. ಮೆತ್ತನೆಯ ತಾಮ್ರ ನಡುಕಕ್ಕೆ ಗಡಸಾಗಿ ಬಿರಿಯುತ್ತದೆ, ಖಂಡಿತ ಬೇಡ. 3/16 ಇಂಚಿನ ಉಕ್ಕಿನ ಬ್ರೇಕ್ ಪೈಪನ್ನೇ ಹಾಕಿ, ತುದಿಯನ್ನು ಬ್ರೇಕಿನ ಫ್ಲೇರಿಂಗ್ ಉಪಕರಣದಲ್ಲೇ ಮಾಡಿಸಿ. ಡಾಟ್-4 ಎಣ್ಣೆ ತುಂಬಿ, ಮಾಸ್ಟರ್ ಸಿಲಿಂಡರಿನಿಂದ ದೂರದ ಗಾಲಿಯಿಂದ ಗಾಳಿ ತೆಗೆಯುತ್ತ ಬನ್ನಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮಿನ ಧೂಳನ್ನು ಕಂಪ್ರೆಸರಿನಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಎಂಜಿನ್

ನಾಲ್ಕೂ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ 25 ಮಿ.ಲೀ. ಡೀಸೆಲ್ ಮತ್ತು ಎಂಜಿನ್ ಎಣ್ಣೆ ಸಮಪಾಲು ಕಲಸಿ ಹಾಕಿ, ನಾಲ್ಕು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ಅಲುಗಿಸಿ. ಜಗ್ಗದಿದ್ದರೆ ಮತ್ತೆ ಎಣ್ಣೆ, ಮತ್ತೆ ನಾಲ್ಕು ದಿನ. ಪಾನಾಕ್ಕೆ ಉದ್ದ ಪೈಪ್ ತೊಡಿಸಿ ಒತ್ತಿದರೆ ರಿಂಗು ಮುರಿದು ಸಿಲಿಂಡರ್ ಗೀರುತ್ತದೆ.

ತಿರುಗಿದ ಮೇಲೆ ಸಂಪ್ (ಎಂಜಿನ್ ಅಡಿಯ ಎಣ್ಣೆಯ ಬೋಗುಣಿ) ಇಳಿಸಿ ಕೆಸರು ತೊಳೆಯಿರಿ, ಹಿಂದಿನ ಮೇನ್ ಬೇರಿಂಗಿನ ಥ್ರಸ್ಟ್ ವಾಷರುಗಳನ್ನು ನೋಡಿ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕು ಇವಕ್ಕೇ ಒರಗುತ್ತದೆ. ಸವೆದರೆ ಕಳಚಿ ಸಂಪಿಗೆ ಬೀಳುತ್ತವೆ, ಆಮೇಲೆ ಕ್ರ್ಯಾಂಕು ಬ್ಲಾಕನ್ನೇ ತಿನ್ನುತ್ತದೆ. ಕ್ರ್ಯಾಂಕಿನ ಉದ್ದದ ಆಟ 0.1ರಿಂದ 0.2 ಮಿ.ಮೀ. ಇರಬೇಕು. ಹೊಸ ವಾಷರಿನ ಗೀರು ಇರುವ ಮುಖ ಕ್ರ್ಯಾಂಕಿನ ಕಡೆಗೆ.

ವಾಲ್ವ್ ಸಂದು, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರಿನ ನಡುವಿನ ಜಾಗ, ತಣ್ಣಗಿದ್ದಾಗ 0.25 ಮಿ.ಮೀ. ಮುಂದಿನಿಂದ ವಾಲ್ವುಗಳನ್ನು 1ರಿಂದ 8ರ ತನಕ ಎಣಿಸಿ. ಒಂಬತ್ತರ ಲೆಕ್ಕ ನೆನಪಿಡಿ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೇದನ್ನು, 6 ತೆರೆದಾಗ 3ನ್ನು, 4 ತೆರೆದಾಗ 5ನ್ನು ಹೊಂದಿಸಿ. ಜೋಡಿ ಸದಾ ಒಂಬತ್ತಾಗಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 0.4, ಪ್ಲಗ್ 0.6 ಮಿ.ಮೀ., ಸಿಲಿಂಡರುಗಳು ಉರಿಯುವ ಸರತಿ (ಫೈರಿಂಗ್) 1-3-4-2. ಎಣ್ಣೆ 20ಡಬ್ಲ್ಯೂ-50, ಸುಮಾರು 4 ಲೀಟರು. ಡಿಪ್‌ಸ್ಟಿಕ್ ನೋಡಿ ಮುಗಿಸಿ. ಕಾಯಿಲ್ ವೈರ್ ತೆಗೆದು ಸ್ಟಾರ್ಟರ್ ತಿರುವಿ, ಎಣ್ಣೆಯ ದೀಪ ಆರಿ ರಾಕರಿನ ಮೇಲೆ ಎಣ್ಣೆ ಕಾಣುವ ತನಕ ಪ್ಲಗ್ ಹಾಕಬೇಡಿ. ರೇಡಿಯೇಟರಿಗೆ ಬೋರ್ ನೀರು ಬೇಡ, ನಮ್ಮ ಕಡೆಯ ಗಡಸು ನೀರಿನ ಸುಣ್ಣ ಕೊಳವೆಗಳನ್ನು ಕಟ್ಟಿಹಾಕುತ್ತದೆ.

ಈಗಿನ ಇ-20 (ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ) ಪೆಟ್ರೋಲಿನ ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಎಥನಾಲ್ ತಡೆಯುವ ಹೋಸ್, ಪಂಪಿನ ಹೊಸ ಡಯಾಫ್ರಮ್ ಹಾಕಿ. ಪ್ಲಗ್ ತುದಿ ಬೆಳ್ಳಗಾಗಿ ಎಂಜಿನ್ ಏರಿನಲ್ಲಿ ಮುಗ್ಗರಿಸಿದರೆ ಮಿಶ್ರಣ ತೆಳುವಾಗಿದೆ ಎಂದರ್ಥ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ. ಜೆಟ್ಟನ್ನು ತಾಮ್ರದ ಎಳೆಯಿಂದ ಚುಚ್ಚಿ, ಉಕ್ಕಿನ ತಂತಿ ತೂತನ್ನೇ ದೊಡ್ಡದು ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವಾಗ ಕಾರ್ಬುರೇಟರ್ ಖಾಲಿ ಮಾಡಿ.

ವೈರಿಂಗು, ಬಣ್ಣ, ಓಡಿಸಿ ನೋಡುವುದು

ಬ್ಯಾಟರಿ ಕೂಡಿಸುವ ಮೊದಲು ಅರ್ಥ್ ಯಾವುದೆಂದು ನೋಡಿ, ಹಳೇ ಹೆರಾಲ್ಡ್‌ಗಳಲ್ಲಿ ಪ್ಲಸ್ ತುದಿ ಬಾಡಿಗೆ ಹೋಗಿರುತ್ತದೆ. ಇಲಿ ಕಡಿದ ವೈರಿಗೆ ಟೇಪ್ ಸುತ್ತಬೇಡಿ, ಆ ಎಳೆಯನ್ನೇ ಬದಲಿಸಿ. ಮನೆಯ ವೈರಿನ ದಪ್ಪ ಎಳೆ ನಡುಕಕ್ಕೆ ತುಂಡಾಗುತ್ತದೆ, ಗಾಡಿಯ ಬಹುಎಳೆ ವೈರ್ ತನ್ನಿ.

ಬಣ್ಣದ ಕೆಲಸ ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಮಳೆಗಾಲದ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ. ಪುಟ್ಟಿ 3 ಮಿ.ಮೀ. ದಾಟಿದರೆ ಬಿರಿಯುತ್ತದೆ, ನೀರನ್ನೂ ಹೀರುತ್ತದೆ; ಬರೀ ಪುಟ್ಟಿಯಲ್ಲಿ ಗಾಡಿಯನ್ನು ಹೊರಗೆ ನಿಲ್ಲಿಸಬೇಡಿ. ಉಜ್ಜುವುದು, ಪ್ರೈಮರ್ ಬಳಿಯುವುದು ಮನೆಯಲ್ಲೇ ಆಗಲಿ. ಹಾರ್ಡನರ್ ಹಾಕುವ ಪಿಯು ಬಣ್ಣವನ್ನು ಮಾತ್ರ ಬೂತ್‌ನಲ್ಲಿ ಹೊಡೆಸಿ, ಅದರ ಮಂಜು ಪುಪ್ಪುಸಕ್ಕೆ ವಿಷ, ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ.

ಮೊದಲ ಓಟ ಓಣಿಯಲ್ಲಿ, 5 ಕಿ.ಮೀ. ಒಳಗೆ. ಬಂದ ಕೂಡಲೇ ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿಯಿರಿ. ಒಂದೇ ಬಿಸಿಯಾಗಿದ್ದರೆ ಆ ಬ್ರೇಕು ಬಿಟ್ಟಿಲ್ಲ. ನೃಪತುಂಗ ಬೆಟ್ಟದ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ನೋಡಿ. ತಿರುವಿನ ನಡುವೆ ಆಕ್ಸಲರೇಟರ್ ಫಕ್ಕನೆ ಬಿಡಬೇಡಿ, ಹಿಂದಿನ ಗಾಲಿಗಳು ಒಳಮುಖ ಮಡಚಿ ಗಾಡಿ ಅಡ್ಡ ಹೊರಳುತ್ತದೆ. 50 ಕಿ.ಮೀ. ಆದ ಮೇಲೆ ಗಾಲಿಯ ನಟ್ಟು ಬಿಗಿಮಾಡಿ, ವಾಲ್ವ್ ಸಂದು ಮತ್ತೆ ನೋಡಿ, ಎಂಜಿನ್ ಎಣ್ಣೆ ಬಿಸಿ ಇರುವಾಗಲೇ ಬಿಳಿ ಬಟ್ಟೆಯ ಮೇಲೆ ಇಳಿಸಿ ಸೋಸಿ. ಕರಿ ಕೆಸರು ಬಂದರೆ ಸಹಜ. ತಾಮ್ರದ ಬಣ್ಣದ ಹೊಳಪು ಚೂರು ಕಂಡರೆ ಬೇರಿಂಗು ಹೋಗುತ್ತಿದೆ. ಸಂಪ್ ಮತ್ತೆ ಇಳಿಸಬೇಕು.