ಶನಿವಾರದ ಕ್ಲಾಸು, ಚೀಟಿ ಲೆಕ್ಕ, ಎರಡೆರಡು ಐಆರ್‌ಆರ್

ವಾರವೆಲ್ಲ ಬ್ಯಾಂಕ್ ಟ್ರೆಜರಿಲಿ ಬಾಂಡ್ ಕೆಲಸ, ಶನಿವಾರ ಬೆಂಗಳೂರಿನ ಒಂದು ಯೂನಿವರ್ಸಿಟಿಲಿ ಎಂ.ಎಸ್ಸಿ ಮ್ಯಾಥ್ಸ್ ಮಕ್ಕಳಿಗೆ ಫೈನಾನ್ಷಿಯಲ್ ಮ್ಯಾಥಮ್ಯಾಟಿಕ್ಸ್ ಪಾಠ, ಗೆಸ್ಟ್ ಫ್ಯಾಕಲ್ಟಿ ಅಂತ. ಎಷ್ಟು ಕೊಡ್ತಾರೆ ಅಂತ ಕೇಳೋರಿಗೆ ಮೊದ್ಲೇ ಹೇಳ್ಬಿಡ್ತೀನಿ: ಗಂಟೆ ಲೆಕ್ಕದ ಗೌರವಧನ, ಅದೂ ಸೆಮಿಸ್ಟರ್ ಮುಗಿದು ಎಷ್ಟೋ ದಿನಕ್ಕೆ ಬರುತ್ತೆ, ಅದನ್ನ ನಂಬ್ಕೊಂಡು ಯಾರೂ ಇಎಂಐ ಹಾಕ್ಕೋಬೇಡಿ.

ಈ ಮಕ್ಕಳಿಗೆ ಮೆಷರ್ ಥಿಯರಿ ಗೊತ್ತು, ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್ ಗೊತ್ತು, ಆದ್ರೆ ಒಂದು ಲಕ್ಷಕ್ಕೆ 12% ಫ್ಲಾಟ್ ರೇಟಲ್ಲಿ ಒಂದು ವರ್ಷದ ಸಾಲ ತಗೊಂಡು ತಿಂಗಳಿಗೆ 9,333 ಕಟ್ಟಿದ್ರೆ ನಿಜವಾದ ಬಡ್ಡಿ ಎಷ್ಟು ಅಂದ್ರೆ ಹನ್ನೆರಡೇ ಅಂತಾರೆ. ಸುಮಾರು 21.5%. ತಿಂಗಳು ತಿಂಗಳು ಅಸಲು ಕರಗ್ತಾ ಇದ್ರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ಹಾಕಿರ್ತಾರಲ್ಲ. ಅದಕ್ಕೇ ನಾನು ಸಿಲಬಸ್ಸಿನ ಮೊದಲ ಯೂನಿಟ್ಟನ್ನ ಬುಕ್ಕಿಂದ ಶುರು ಮಾಡಲ್ಲ, ಚೀಟಿಯಿಂದ ಶುರು ಮಾಡ್ತೀನಿ. ಕ್ಲಾಸಲ್ಲಿ ಅರ್ಧಕ್ಕರ್ಧ ಜನರ ಮನೇಲಿ ಅಮ್ಮನೋ ಅತ್ತೆನೋ ಚೀಟಿ ಹಾಕೇ ಇರ್ತಾರೆ.

ಬೋರ್ಡ್ ಮೇಲೆ ಐದು ಜನರ ಚೀಟಿ, ತಿಂಗಳಿಗೆ ತಲಾ 10,000, ಒಟ್ಟು 50,000, ಕಮಿಷನ್ ಇಲ್ಲ. ಮೊದಲ ತಿಂಗಳು 10,000 ಬಿಟ್ಟು ಕೂಗ್ತಾರೆ, ಆಮೇಲೆ 7,500, 5,000, 2,500, ಕೊನೆಯವರಿಗೆ ಬಿಡೋದೇ ಇಲ್ಲ. ಬಿಟ್ಟಿದ್ದನ್ನ ಐದು ಜನಕ್ಕೂ ಹಂಚಿದ್ರೆ ಪ್ರತಿಯೊಬ್ರೂ ಕಟ್ಟೋದು 8,000, 8,500, 9,000, 9,500, 10,000. ಈಗ ಮೊದಲು ಎತ್ತಿದವರ ಕ್ಯಾಶ್ ಫ್ಲೋ ಬರೀರಿ ಅಂತೀನಿ: ಬಂದ 40,000ದಲ್ಲಿ ಆ ತಿಂಗಳ ಕಂತು 8,000 ಕಳೆದು ಕೈಗೆ 32,000, ಆಮೇಲೆ ನಾಲ್ಕು ತಿಂಗಳು ಕಟ್ಟೋದು. ತಿಂಗಳಿಗೆ 5.9% ಹತ್ರ ಬಡ್ಡಿ ಆಯ್ತು, ಅಂದ್ರೆ ಸಾಲ. ಕೊನೆಗೆ ಎತ್ತಿದವರು ನಾಲ್ಕು ತಿಂಗಳಲ್ಲಿ 35,000 ಕಟ್ಟಿ, ಕೊನೆ ಕಂತು ಕಳೆದು 40,000 ತಗೊಂಡ್ರು, ಅವರಿಗೆ ತಿಂಗಳಿಗೆ 5.6% ಹತ್ರ, ಇದು ಉಳಿತಾಯ. ಇಲ್ಲಿವರೆಗೂ ಎಲ್ಲ ಸಲೀಸು.

ಮಜಾ ಇರೋದು ಮೂರನೇ ತಿಂಗಳು ಎತ್ತಿದವರದ್ದು. −8,000, −8,500, +36,000, −9,500, −10,000. ಕೂಡಿಸಿದ್ರೆ ಸೊನ್ನೆ, ಹಾಗಾಗಿ ಐಆರ್‌ಆರ್ (ಕಟ್ಟಿದ್ದೂ ಬಂದಿದ್ದೂ ಸರಿಸಮ ಆಗೋ ಬಡ್ಡಿ ದರ) ಕೂಡ ಸೊನ್ನೆ ಅಂತ ಒಬ್ಬ ಹೇಳ್ತಾನೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡಿರೋಳು ಇಲ್ಲ ಮೇಡಂ ಎಕ್ಸೆಲ್ 11.8% ತೋರಿಸ್ತಿದೆ ಅಂತಾಳೆ. ಇಬ್ಬರೂ ಸರಿ! ಎಕ್ಸೆಲ್‌ಗೆ ಗೆಸ್, ಅಂದ್ರೆ ಹುಡುಕೋಕೆ ಶುರು ಮಾಡೋ ಅಂದಾಜು ದರ, ಕೊಡದೆ ಬಿಟ್ರೆ ಅದು 10%ಯಿಂದ ಹುಡುಕೋಕೆ ಶುರು ಮಾಡಿ 11.8ಕ್ಕೆ ಹೋಗಿ ನಿಲ್ಲುತ್ತೆ, 0.01 ಕೊಟ್ರೆ ಸೊನ್ನೆಗೆ ಬರುತ್ತೆ. ಸೈನ್ ಎರಡು ಸಲ ಬದಲಾಗಿದೆ, ಹಾಗಾಗಿ (1 + ಬಡ್ಡಿ ದರ)ಕ್ಕೆ ಎರಡು ಪಾಸಿಟಿವ್ ರೂಟ್, ಅಂದ್ರೆ ಉತ್ತರ, ಇರಬಹುದು ಅನ್ನೋ ಡೆಕಾರ್ಟ್ ರೂಲು ಅವರು ಯಾವತ್ತೋ ಓದಿ ಮರ್ತಿರ್ತಾರೆ, ಅದು ಅವತ್ತು ದಡಕ್ಕಂತ ನೆನಪಾಗುತ್ತೆ. ಆಮೇಲೆ ಅವರೇ ಕೇಳ್ತಾರೆ, ಹಾಗಾದ್ರೆ ಈ ಮನುಷ್ಯ ಸಾಲಗಾರನೋ ಉಳಿತಾಯಗಾರನೋ? ಮೊದಲೆರಡು ತಿಂಗಳು ಉಳಿಸಿದವನು, ಆಮೇಲೆ ಸಾಲಗಾರ, ಒಂದೇ ರೇಟಲ್ಲಿ ಎರಡನ್ನೂ ಅಳೆಯೋಕಾಗಲ್ಲ, ಅದಕ್ಕೆ ಮಾರ್ಕೆಟ್ ರೇಟ್ ಹಾಕಿ ಪ್ರೆಸೆಂಟ್ ವ್ಯಾಲ್ಯೂ (ಮುಂದಿನ ದುಡ್ಡಿಗೆ ಇವತ್ತಿನ ಬೆಲೆ) ತೆಗೀರಿ ಅಂತೀನಿ. ಪ್ರೆಸೆಂಟ್ ವ್ಯಾಲ್ಯೂ ಯಾಕೆ ಬೇಕು ಅಂತ ಮತ್ತೆ ಭಾಷಣ ಮಾಡೋ ಕೆಲಸ ಉಳಿಯಲ್ಲ.

ಇದಾದ್ಮೇಲೆ ಬಾಂಡ್, 91 ದಿನದ ಟ್ರೆಷರಿ ಬಿಲ್ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಎಲ್ಲ ಬೇಗ ಮುಗಿಯುತ್ತೆ. ಆಪ್ಷನ್‌ಗೆ (ಮುಂದೆ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳೋ ಇಲ್ಲಾ ಮಾರೋ ಹಕ್ಕು) ಬೆಲೆ ಕಟ್ಟೋಕೆ 1973ರ ಬ್ಲ್ಯಾಕ್-ಶೋಲ್ಸ್‌ಗಿಂತ ಮೊದಲು 1979ರ ಕಾಕ್ಸ್-ರಾಸ್-ರುಬಿನ್‌ಸ್ಟೀನ್ ಬೈನಾಮಿಯಲ್ ಟ್ರೀ ಮಾಡಿಸ್ತೀನಿ, ಇಸವಿ ಹಿಂದುಮುಂದಾದ್ರೂ ಪರವಾಗಿಲ್ಲ, ಷೇರು ಒಂದು ಹೆಜ್ಜೆ ಮೇಲೆ ಇಲ್ಲಾ ಒಂದು ಹೆಜ್ಜೆ ಕೆಳಗೆ ಅನ್ನೋದ್ರಲ್ಲೇ ಹೆಡ್ಜಿಂಗ್, ಅಂದ್ರೆ ನಷ್ಟದ ಅಪಾಯ ತಗ್ಗಿಸೋ ಲೆಕ್ಕ, ಕೈಗೆ ಸಿಗುತ್ತೆ. ಅಷ್ಟೊತ್ತಿಗೆ ಹಿಂದಿನ ಬೆಂಚಿಂದ, ಮೇಡಂ ನಿಫ್ಟಿ ವೀಕ್ಲಿಲಿ (ವಾರಕ್ಕೇ ಮುಗಿಯೋ ಆಪ್ಷನ್) ಕಾಲ್, ಅಂದ್ರೆ ಕೊಳ್ಳೋ ಹಕ್ಕು, ತಗೋಬೋದಾ ಅಂತ ಪ್ರಶ್ನೆ ಬಂದೇ ಬರುತ್ತೆ. ಷೇರುಪೇಟೆ ನಿಯಂತ್ರಕ ಸೆಬಿಯ 2024ರ ವರದಿ ತೆಗೆದು ತೋರಿಸ್ತೀನಿ, ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ಬಿಡಿ ಜನರಲ್ಲಿ 93% ಲಾಸು. ಕೇಳ್ತಾರೆ, ನಗ್ತಾರೆ, ಬ್ರೇಕಲ್ಲಿ ಮತ್ತೆ ಫೋನ್ ತೆಗೀತಾರೆ.

ಹೊಸದಾಗಿ ಈ ಕೆಲಸ ಒಪ್ಕೊಳ್ಳೋರಿದ್ರೆ, ಕ್ವೆಶ್ಚನ್ ಪೇಪರ್ ಯಾರು ತೆಗೀತಾರೆ ಅಂತ ಮೊದ್ಲೇ ಕೇಳಿ. ಬೇರೆಯವರು ತೆಗೆದ್ರೆ ಫಾರ್ಮುಲಾ ಡಿರೈವ್ ಮಾಡಿ ಅನ್ನೋದೇ ಬರುತ್ತೆ, ಅದಕ್ಕೂ ಪ್ರಾಕ್ಟೀಸ್ ಮಾಡಿಸಲೇಬೇಕು. ಚೀಟಿ ಲೆಕ್ಕವನ್ನ ನಾನು ಇಂಟರ್ನಲ್ ಅಸೈನ್‌ಮೆಂಟಿಗೆ ಇಟ್ಕೊಂಡಿದೀನಿ, ಮನೆಯ ಚೀಟಿ ಪುಸ್ತಕದ ನಿಜವಾದ ನಂಬರ್ ತರ್ಬೇಕು, ಹೆಸರು ಅಳಿಸಿ.