ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್: ಕ್ಯೂ, ಆರ್ ಹೊಂದಿಸುವುದು

ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್, ಗಣಿತದ ಮಾಡೆಲ್ ಕೊಡುವ ಮುನ್ಸೂಚನೆಯನ್ನೂ ಸೆನ್ಸರ್ ಅಳತೆಯನ್ನೂ ಬೆರೆಸಿ ವ್ಯವಸ್ಥೆಯ ಸ್ಥಿತಿಯನ್ನು (ಸ್ಟೇಟ್) ಅಂದಾಜಿಸುತ್ತದೆ. ನಾನ್‌ಲೀನಿಯರ್ (ಸರಳರೇಖೆಯ ಸಂಬಂಧಕ್ಕೆ ಒಗ್ಗದ) ವ್ಯವಸ್ಥೆಗೆ ಈ ಫಿಲ್ಟರ್ ಬಳಸುವವರು ಹೆಚ್ಚಾಗಿ ಎಡವುವುದು ಕ್ಯೂ, ಆರ್ ಮ್ಯಾಟ್ರಿಕ್ಸ್‌ಗಳ ಬೆಲೆ ಆರಿಸುವಲ್ಲಿ. ಮಾಡೆಲ್ ಎಷ್ಟು ತಪ್ಪಬಹುದೆಂದು ಕ್ಯೂ ಹೇಳುತ್ತದೆ, ಅಳತೆಯಲ್ಲಿ ಎಷ್ಟು ನಾಯ್ಸ್ ಇದೆಯೆಂದು ಆರ್ ಹೇಳುತ್ತದೆ.

ಆರ್ ಸುಲಭ. ಸೆನ್ಸರ್ ಅಲುಗದಂತೆ ಇಟ್ಟು ಒಂದೆರಡು ಸಾವಿರ ಸ್ಯಾಂಪಲ್ ತೆಗೆದು ವೇರಿಯನ್ಸ್ (ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಸರಾಸರಿ) ಲೆಕ್ಕ ಹಾಕಿ. ವ್ಯವಸ್ಥೆಯಲ್ಲಿ ಮೋಟಾರ್ ಇದ್ದರೆ ಅದು ಓಡುವಾಗ ಇನ್ನೊಮ್ಮೆ ಅಳೆಯಿರಿ. ಕಂಪನದ ನಾಯ್ಸ್ ಸೇರಿರುವ ಈ ಎರಡನೇ ಅಂಕಿಯೇ ವಾಸ್ತವಕ್ಕೆ ಹತ್ತಿರ.

ಕ್ಯೂ ನಿಜಕ್ಕೂ ಕಷ್ಟ. ಮಾಡೆಲ್‌ನಲ್ಲಿ ನಾವು ಕೈಬಿಟ್ಟ ಘರ್ಷಣೆ, ಬದಲಾಗುವ ಭಾರ, ಲೀನಿಯರೈಸ್ ಮಾಡಿದಾಗಿನ (ವಕ್ರ ಸಂಬಂಧವನ್ನು ಸರಳರೇಖೆಯೆಂದು ತೆಗೆದುಕೊಂಡಾಗಿನ) ತಪ್ಪು ಎಲ್ಲವನ್ನೂ ಅದೇ ಹೊರಬೇಕು. ತೀರಾ ಚಿಕ್ಕದಿಟ್ಟರೆ ಫಿಲ್ಟರ್ ತನ್ನ ಮಾಡೆಲ್ ಅನ್ನೇ ಅತಿಯಾಗಿ ನಂಬಿ ಅಳತೆಗಳನ್ನು ಕಡೆಗಣಿಸುತ್ತದೆ, ಅಂದಾಜು ಮೆಲ್ಲಗೆ ದಿಕ್ಕು ತಪ್ಪುತ್ತದೆ. ಪರೀಕ್ಷಿಸುವುದು ಹೀಗೆ: ಅಳತೆಗೂ ಮುನ್ಸೂಚನೆಗೂ ಇರುವ ವ್ಯತ್ಯಾಸವೇ ಇನ್ನೋವೇಶನ್, ಪ್ರತಿ ಹೆಜ್ಜೆಯಲ್ಲೂ ಅದರ ವರ್ಗವನ್ನು ಫಿಲ್ಟರ್ ಲೆಕ್ಕ ಹಾಕಿದ ಇನ್ನೋವೇಶನ್ ವೇರಿಯನ್ಸ್‌ನಿಂದ ಭಾಗಿಸಿ. ಒಂದೇ ಅಳತೆಯಿದ್ದರೆ ಸರಾಸರಿ 1ರ ಹತ್ತಿರ ಬರಬೇಕು, 100ರಲ್ಲಿ ಸುಮಾರು 5 ಬಾರಿ ಮಾತ್ರ 3.84 ದಾಟಬೇಕು. ಎರಡು ಅಳತೆಗಳಿದ್ದರೆ ಭಾಗಿಸುವ ಬದಲು ಇನ್ನೋವೇಶನ್ ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಇನ್ವರ್ಸ್ ಬಳಸಿ. ಆಗ ಸರಾಸರಿ 2, ಮಿತಿ 5.99. ಸರಾಸರಿ ಬಹಳ ಮೇಲಿದ್ದರೆ ಕ್ಯೂ 10 ಪಟ್ಟು ಏರಿಸಿ ನೋಡಿ, ಕೆಳಗಿದ್ದರೆ ಇಳಿಸಿ. ಇನ್ನೋವೇಶನ್ ಸದಾ ಒಂದೇ ಕಡೆ ವಾಲುತ್ತಿದ್ದರೆ ಮಾತ್ರ ಕ್ಯೂ ಮುಟ್ಟಬೇಡಿ: ಅದು ಬಯಾಸ್ (ಒಂದೇ ದಿಕ್ಕಿನ ಸ್ಥಿರ ತಪ್ಪು), ಅದನ್ನೇ ಹೆಚ್ಚುವರಿ ಸ್ಟೇಟ್ ಆಗಿ ಸೇರಿಸಿ.

ಸ್ಯಾಂಪ್ಲಿಂಗ್ ಅವಧಿ (ಎರಡು ಹೆಜ್ಜೆಗಳ ನಡುವಿನ ಸಮಯ) ಬದಲಿಸಿದರೆ ಕ್ಯೂ ಕೂಡ ಬದಲಿಸಬೇಕು.

ಕೋನ ಅಳೆಯುವವರು ಇನ್ನೋವೇಶನ್ ಅನ್ನು -180ರಿಂದ 180 ಡಿಗ್ರಿಯೊಳಗೆ ತಂದುಕೊಳ್ಳಿ. 179ಕ್ಕೂ -179ಕ್ಕೂ ಇರುವ ಅಂತರ 2 ಡಿಗ್ರಿ. ಹಾಗೇ ಕಳೆದರೆ ಫಿಲ್ಟರ್‌ಗೆ ಕಾಣುವುದು 358.